ಕಿವಿಯಿಂದ ಓಡಿಸಿದ ಕಾರು

(ತೀರ್ಥಹಳ್ಳಿಯಲ್ಲಿ ನಾವೊಂದಷ್ಟು ಜನ ತಿಂಗಳಿಗೊಮ್ಮೆ ಸೇರುವ ಸಂಜೆ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಉದ್ದವಾದ ಕಡೆ ಕತ್ತರಿಸಿದ್ದೇನೆ, ಆದರೂ ಉದ್ದವೇ ಇದೆ.)

ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳ್ತಿದೆಯಾ? ಕೇಳದಿದ್ದರೆ ಕೈ ಎತ್ತಿ ಅನ್ನೋಣ ಅಂದುಕೊಂಡೆ. ಆದರೆ ಕೇಳದವರಿಗೆ ಅದೂ ಕೇಳೋದಿಲ್ಲವಲ್ಲ. ಇರಲಿ. ಇವತ್ತಿನ ಮಾತೂ ಹೆಚ್ಚು ಕಡಿಮೆ ಕಿವಿಯ ವಿಷಯವೇ.

ಕೂಟದವರು ಫೋನ್ ಮಾಡಿ, ‘ಸಾರ್, ನಿಮ್ಮ ಮೊದಲ ಕಾರಿನ ಬಗ್ಗೆ ಮಾತಾಡಿ’ ಅಂದರು. ನನಗೆ ಸ್ವಲ್ಪ ಗೊಂದಲವಾಯಿತು. ನನ್ನ ಹೆಸರಿಗೆ ಆರ್‌ಸಿ ಬಂದ ಮೊದಲ ಕಾರು ಅಂದರೆ 1996ರಲ್ಲಿ ಬ್ಯಾಂಕ್ ಸಾಲ ಮಾಡಿ ತಂದ ಬಿಳಿ ಮಾರುತಿ. ಅದರ ಬಗ್ಗೆ ಹೇಳಲು ಏನೂ ಇಲ್ಲ. ಹತ್ತು ವರ್ಷ ಓಡಿತು, ಮಾರಿದೆ, ಮುಗೀತು. ಮೊದಲ ಕಾರು ಅಂದ ತಕ್ಷಣ ನನ್ನ ಕಣ್ಣೆದುರು ಬರುವುದು ಅದಲ್ಲ. ಅಪ್ಪನ ಫಿಯೆಟ್.

ನಮ್ಮ ವಯಸ್ಸಿನವರು ಇಲ್ಲಿ ಜಾಸ್ತಿ ಇದ್ದೀರಿ, ನಿಮಗೆ ಗೊತ್ತು. ಆಗ ಹದಿನೆಂಟು ತುಂಬಿದ ಹುಡುಗನಿಗೆ ಅವನದೇ ಕಾರು ಅಂತ ಒಂದು ಇರುತ್ತಿರಲಿಲ್ಲ. ಕಾರು ಅಪ್ಪನದು. ಅಪ್ಪನದು ಅನ್ನುವುದೂ ಪೂರ್ತಿ ನಿಜವಲ್ಲ. ಬೀದಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಮನೆ ಮದುವಣಗಿತ್ತಿ ಹೊರಟರೂ, ಯಾರ ಅಜ್ಜ ರಾತ್ರಿ ಎದೆ ಹಿಡಿದುಕೊಂಡರೂ ನಮ್ಮ ಮನೆ ಬಾಗಿಲು ಬಡಿಯುತ್ತಿದ್ದರು. ಅಡಿಕೆ ಕೊಯ್ಲಿನ ಸಮಯದಲ್ಲಿ ಹಿಂದಿನ ಸೀಟು ಬಿಚ್ಚಿ ಗೋಣಿಚೀಲ ತುಂಬುತ್ತಿದ್ದರು. ಆಮೇಲೆ ಅದೇ ಸೀಟು ಹಾಕಿ, ಹೂವು ಸುತ್ತಿ, ಮದುವೆಗೆ ಕಳಿಸುತ್ತಿದ್ದರು. ಮದುವಣಗಿತ್ತಿಯರ ಸೀರೆಗೆ ಹಸಿ ಅಡಿಕೆಯ ವಾಸನೆ ಹತ್ತಿದ್ದು ಎಷ್ಟು ಸಲವೋ!

ಅಪ್ಪ ಅದನ್ನು ತಂದದ್ದು 1979ರಲ್ಲಿ. ಶಿವಮೊಗ್ಗದ ಒಬ್ಬ ವಕೀಲರು ಓಡಿಸಿ ಬಿಟ್ಟದ್ದು, 1968ರ ಮಾಡೆಲ್. ಹದಿಮೂರು ಸಾವಿರ ಕೊಟ್ಟರು. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಬಣ್ಣ ಬೂದಿಯೋ ತಿಳಿನೀಲಿಯೋ ಅಂತ ನಮ್ಮ ಮನೆಯಲ್ಲಿ ಇವತ್ತಿಗೂ ಜಗಳವಿದೆ. ಇದ್ದ ಒಂದೇ ಫೋಟೊ ಕಪ್ಪು ಬಿಳುಪಿನದು.

ಅದರ ನಿಜವಾದ ಹೆಸರು ಫಿಯೆಟ್ 1100 ಡಿಲೈಟ್. ಇಟಲಿಯ ಕಾರು, ಆದರೆ ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮಾಡುತ್ತಿದ್ದದ್ದು. 1089 ಸಿಸಿ ಇಂಜಿನ್, ನಾಲ್ಕು ಸಿಲಿಂಡರ್. ಆಮೇಲೆ ಇದೇ ಕಾರಿಗೆ ಪ್ರೆಸಿಡೆಂಟ್ ಅಂತ ಹೆಸರಿಟ್ಟರು. 1974ರ ಹೊತ್ತಿಗೆ ಅದು ಪದ್ಮಿನಿ ಆಯಿತು. ನಾವು ಮಾತ್ರ ಎಲ್ಲಕ್ಕೂ ಫಿಯೆಟ್ ಅಂತಲೇ ಅಂದೆವು. ಸೊಸೆ ಬಂದ ಮೇಲೆ ಹೆಸರು ಬದಲಾಯಿಸಿದರೂ ತವರಿನವರು ಹಳೇ ಹೆಸರಲ್ಲೇ ಕರೆಯೋದಿಲ್ಲವಾ, ಹಾಗೆ.

ಒಳಗೆ ಕೂತರೆ ಮೊದಲು ಕಾಣುವುದು ಗೇರು. ನೆಲದ ಮೇಲಲ್ಲ, ಸ್ಟಿಯರಿಂಗ್ ಕಂಬಕ್ಕೆ. ಈಗಿನ ಕಾರಲ್ಲಿ ಗೇರಿನ ದಾರಿ ನೆಲದ ಮೇಲೆ ಬರೆದ ಎಚ್ ಅಕ್ಷರದ ಹಾಗಿರುತ್ತದಲ್ಲ, ಅದನ್ನು ಎತ್ತಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಾಗೆ ಅಂದುಕೊಳ್ಳಿ. ಗೇರು ನೆಲದಲ್ಲಿ ಇಲ್ಲದ್ದರಿಂದ ಮುಂದೆ ಒಂದೇ ಉದ್ದ ಸೀಟು. ಮೂವರು ಆರಾಮಾಗಿ ಕೂರಬಹುದು. ನಮ್ಮಲ್ಲಿ ಐದು ಜನ ಕೂತದ್ದಿದೆ. ಪಕ್ಕದ ಕಿಟಕಿಗೆ ಮುಂಭಾಗದಲ್ಲಿ ಒಂದು ಪುಟ್ಟ ತ್ರಿಕೋನದ ಗಾಜು. ಅದನ್ನು ತಿರುಗಿಸಿದರೆ ಗಾಳಿ ನೇರ ಮುಖಕ್ಕೇ ಬರುತ್ತಿತ್ತು. ಈಗಿನ ಎಸಿಯ ಮೇಲೆ ನನಗೆ ದೂರಿಲ್ಲ. ಆದರೂ ಆ ತ್ರಿಕೋನದ ಗಾಜನ್ನು ಯಾಕೆ ತೆಗೆದರು ಅಂತ ಇವತ್ತಿಗೂ ಅರ್ಥವಾಗಿಲ್ಲ.

ಹನ್ನೊಂದು ವರ್ಷ ಹಳೇ ಕಾರನ್ನು ಅಷ್ಟು ದುಡ್ಡು ಕೊಟ್ಟು ಯಾಕೆ ತಂದರು ಅಂತ ಚಿಕ್ಕವರು ಕೇಳಬಹುದು. ಹೊಸದು ಸಿಗಬೇಕಲ್ಲ! ಲೈಸೆನ್ಸು, ಪರ್ಮಿಟ್ಟಿನ ಕಾಲ ಅದು. ಎಷ್ಟು ಕಾರು ಮಾಡಬೇಕು ಅಂತ ಸರ್ಕಾರ ಹೇಳುತ್ತಿತ್ತು. 1980ರ ಹೊತ್ತಿಗೂ ಇಡೀ ದೇಶದಲ್ಲಿ ವರ್ಷಕ್ಕೆ 50 ಸಾವಿರ ಕಾರು ತಯಾರಾಗುತ್ತಿರಲಿಲ್ಲ. ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕು. ಹಳತು ಹೊಸತು ಸೇರಿ ರಸ್ತೆಯಲ್ಲಿ ಕಾಣುತ್ತಿದ್ದದ್ದೂ ಎಷ್ಟು ಬಗೆ? ಬಂಗಾಳದ ಉತ್ತರಪಾಡಾದಿಂದ ಬರುವ ಅಂಬಾಸಿಡರ್, ಕುರ್ಲಾದ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡು ಸಮೇತ ಇಡಿಯಾಗಿ ಮುಂದಕ್ಕೆ ತೆರೆದುಕೊಳ್ಳುತ್ತಿತ್ತು, ಮೊಸಳೆ ಬಾಯಿ ಬಿಟ್ಟ ಹಾಗೆ. ನಮ್ಮ ರಾಜ್ಯದ್ದೂ ಒಂದಿತ್ತು, ಜನ ಮರೆತಿದ್ದಾರೆ. ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್. ಫೈಬರ್ ಮೈ, ಎರಡೇ ಬಾಗಿಲು, 848 ಸಿಸಿ. ಕಾಲೇಜಿಗೆ ಅಂತ ಬೆಂಗಳೂರಿಗೆ ಹೋದಾಗ ಒಂದು ಡಾಲ್ಫಿನ್ ಹಿಂದೆ ಬೀದಿಯುದ್ದಕ್ಕೂ ನಡೆದುಕೊಂಡು ಹೋಗಿದ್ದೇನೆ. ನಿಂತಾಗ ಬೆರಳಿನಿಂದ ತಟ್ಟಿ ನೋಡಿದೆ. ಪ್ಲಾಸ್ಟಿಕ್ ಬಕೆಟ್ ತಟ್ಟಿದ ಹಾಗೆ ಸದ್ದು. ಒಳಗಿದ್ದವರು ತಿರುಗಿ ನೋಡಿದರು, ನಾನು ಓಡಿದೆ.

ಈಗ ಬೆಳಗ್ಗೆ ಆರೂವರೆ ಅಂದುಕೊಳ್ಳಿ. ಮಳೆಗಾಲ. ಅಪ್ಪ ಕೀ ತಿರುಗಿಸಿ, ಚೋಕ್ ಎಳೆದು, ಸೆಲ್ಫ್ ಹಾಕುತ್ತಾರೆ. ‘ಉಂವ್... ಉಂವ್... ಉಂ...’ ಅಷ್ಟೇ. ಬ್ಯಾಟರಿ ಮಲಗಿತು. ಅಮ್ಮ ಅಡುಗೆಮನೆಯಿಂದಲೇ, ‘ಸೆಲ್ಫ್ ಎತ್ತಲಿಲ್ವಾ?’ ಅಂತ ಕೇಳುತ್ತಾರೆ. ನನ್ನಮ್ಮ ಕಾರಿನ ಬಾನೆಟ್ ತೆಗೆದು ನೋಡಿದವರಲ್ಲ. ಆದರೆ ಆ ಮೂರನೇ ‘ಉಂ’ ಎಷ್ಟು ಉದ್ದವಿದೆ ಅನ್ನುವುದರ ಮೇಲೆ ಅವತ್ತು ಅಪ್ಪ ಆರಾಮಾಗಿ ಹೊರಡುತ್ತಾರೋ ಬೈದುಕೊಂಡು ಹೊರಡುತ್ತಾರೋ ಅಂತ ಅವರಿಗೆ ಗೊತ್ತಾಗುತ್ತಿತ್ತು. ಅದರ ಮೇಲೆ ಕಾಫಿಗೆ ಹಾಲು ಇಡುತ್ತಿದ್ದರು.

ಸೆಲ್ಫ್ ಎತ್ತದಿದ್ದರೆ ಹ್ಯಾಂಡಲ್, ಅಂದರೆ ಕಾರಿನ ಮುಂದಿನಿಂದ ತೂರಿಸಿ ಕೈಯಲ್ಲೇ ಇಂಜಿನ್ ತಿರುಗಿಸುವ ಕಬ್ಬಿಣದ ಸರಳು. ಹ್ಯಾಂಡಲ್ ಹೊಡೆಯುವುದಕ್ಕೆ ಒಂದು ಕ್ರಮವಿದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು, ಹಿಡಿಯ ಸುತ್ತ ಬಳಸಬಾರದು. ಇಂಜಿನ್ ಒದ್ದರೆ ಹ್ಯಾಂಡಲ್ ಹಿಂದಕ್ಕೆ ಸುತ್ತುತ್ತದೆ, ಹೆಬ್ಬೆರಳು ಹೋಯಿತು ಅಂತಲೇ. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಅಪ್ಪ ನನಗೆ ಅಕ್ಷರ ಕಲಿಸಲಿಲ್ಲ, ಅದನ್ನು ಮೇಷ್ಟ್ರಿಗೆ ಬಿಟ್ಟರು. ಇದನ್ನು ಮಾತ್ರ ಕೈ ಹಿಡಿದು ಕಲಿಸಿದರು.

ಹ್ಯಾಂಡಲ್‌ಗೂ ಬಗ್ಗದಿದ್ದರೆ ತಳ್ಳುವುದು. ‘ಏ, ಸ್ವಲ್ಪ ಕೈ ಹಾಕ್ರೋ’ ಅಂದರೆ ಸಾಕು. ಹಾಲು ತರಲು ಹೋಗುವವರು, ಶಾಲೆ ಹುಡುಗರು, ಒಮ್ಮೆ ಪುರೋಹಿತರು ಮಡಿಯಲ್ಲೇ. ಮನೆಯಿಂದ ಕಮಾನು ಸೇತುವೆ ಕಡೆಗೆ ಸ್ವಲ್ಪ ಇಳಿಜಾರು ಇತ್ತು ಅನ್ನೋದೇ ನಮ್ಮ ಪುಣ್ಯ. ಎರಡನೇ ಗೇರಿನಲ್ಲಿಟ್ಟು ಕ್ಲಚ್ ಬಿಟ್ಟ ಕೂಡಲೇ ಒಂದು ಸಲ ಮುಗ್ಗರಿಸಿ, ಕೆಮ್ಮಿ, ಹೊಗೆ ಬಿಟ್ಟು ಎದ್ದು ಹೊರಡುತ್ತಿತ್ತು. ತಳ್ಳಿದವರು ಹೊಗೆಯೊಳಗೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಒಂದು ಆಯುಧಪೂಜೆ ನೆನಪಾಗುತ್ತದೆ. ಕಾರು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಯಿತು. ಮಂಗಳಾರತಿಯೂ ಆಯಿತು. ಅಪ್ಪ ಗಂಭೀರವಾಗಿ ಕೂತು ಸೆಲ್ಫ್ ಹಾಕಿದರು. ಎತ್ತಲಿಲ್ಲ. ಮುಂದೆ ಬಾಳೆಕಂದು ಅಡ್ಡ, ಹ್ಯಾಂಡಲ್ ಹಾಕಲು ಜಾಗವಿಲ್ಲ. ಕೊನೆಗೆ ನೆಂಟರೆಲ್ಲ ರೇಷ್ಮೆ ಸೀರೆ, ಪಂಚೆಯಲ್ಲೇ ಹಿಂದಿನಿಂದ ತಳ್ಳಿ ನಿಂಬೆಹಣ್ಣು ಒಡೆಸಿದರು. ಮೂರು ಒಡೆಯಿತು, ಒಂದು ಚಿಮ್ಮಿ ಹೋಯಿತು. ಆ ಒಂದು ಹಣ್ಣಿನಿಂದಲೇ ಆ ವರ್ಷದ ಕಷ್ಟವೆಲ್ಲ ಬಂತು ಅಂತ ಅಜ್ಜಿ ಸಾಯುವ ತನಕ ಹೇಳಿದರು.

ನಮ್ಮ ಕಾರನ್ನು ಬದುಕಿಸಿಟ್ಟವರು ಊರಿನ ಮೆಕ್ಯಾನಿಕ್ ಒಬ್ಬರು. ಎಲ್ಲರೂ ಸಾಬರು ಅಂತ ಕರೆಯುತ್ತಿದ್ದರು. ಅವರ ಹತ್ತಿರ ಮೀಟರ್ ಇಲ್ಲ, ಕಂಪ್ಯೂಟರ್ ಅಂತೂ ಕೇಳಬೇಡಿ. ಒಂದು ಉದ್ದದ ಸ್ಕ್ರೂಡ್ರೈವರ್ ಇತ್ತು, ಮರದ ಹಿಡಿಯದು. ಇಂಜಿನ್ ಓಡುತ್ತಿರುವಾಗ ಅದರ ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಡಾಕ್ಟರ್ ಎದೆ ನೋಡಿದ ಹಾಗೇ. ‘ಟ್ಯಾಪೆಟ್ ಅಲ್ಲ, ಬೇರಿಂಗ್’ ಅನ್ನುತ್ತಿದ್ದರು. ಬಿಚ್ಚಿದರೆ ಬೇರಿಂಗೇ.

ನನಗೂ ಅವರು ಒಂದು ಆಟ ಹೇಳಿಕೊಟ್ಟರು. ಇಂಜಿನ್ ಓಡುತ್ತಿರಲಿ. ಒಂದೊಂದು ಸಿಲಿಂಡರಿಗೂ ಕಿಡಿ ಹಾರಿಸುವ ಒಂದು ಪ್ಲಗ್ ಇರುತ್ತದೆ. ಆ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು, ಮತ್ತೆ ಹಾಕು. ಕಿತ್ತಾಗ ಇಂಜಿನ್ ಕುಂಟಿದರೆ ಆ ಸಿಲಿಂಡರ್ ಚೆನ್ನಾಗಿದೆ ಅಂತ ಅರ್ಥ. ಕಿತ್ತರೂ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಸತ್ತಿದೆ. ‘ಇದ್ದಾಗಲೂ ಹೋದಾಗಲೂ ಮನೆಯಲ್ಲಿ ವ್ಯತ್ಯಾಸ ಆಗದ ಗಂಡಸಿನ ಹಾಗೆ’ ಅಂತ ಸಾಬರು ನಗುತ್ತಿದ್ದರು. ಮಲೆನಾಡಿನ ಮಳೆಯಲ್ಲಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ತೇವ ಕೂತು ವಾರಕ್ಕೊಮ್ಮೆಯಾದರೂ ಒಂದು ಪ್ಲಗ್ ಹೊಡೆಯುವುದನ್ನು ನಿಲ್ಲಿಸುತ್ತಿತ್ತು. ಬಟ್ಟೆಯಲ್ಲಿ ಒರೆಸಿದರೆ ಸರಿ. ಅದರೊಳಗಿನ ಪಾಯಿಂಟ್ ಕರಕಲಾದರೆ ಬೆಂಕಿಪೊಟ್ಟಣದ ಬದಿಯಲ್ಲಿ ಉಜ್ಜುವುದು. ರೇಡಿಯೇಟರ್ ತೊಟ್ಟಿಕ್ಕಿದರೆ ಒಂದು ಹಿಡಿ ಅರಿಶಿನದ ಪುಡಿ. ನಗಬೇಡಿ, ಸಣ್ಣ ತೂತು ನಿಜಕ್ಕೂ ಮುಚ್ಚುತ್ತಿತ್ತು. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪು. ವೈಪರ್ ಕೈ ಕೊಟ್ಟರೆ ಗಾಜಿಗೆ ಹೊಗೆಸೊಪ್ಪು. ಅರ್ಧ ವರ್ಕ್‌ಶಾಪು ನಮ್ಮ ಅಡುಗೆಮನೆಯಲ್ಲೂ ಬಚ್ಚಲಲ್ಲೂ ಇತ್ತು.

ಮಧ್ಯದಲ್ಲಿ ಒಂದು ಮಾತು. ‘ಡಿಕ್ಕಿ’ ಅನ್ನುವ ಪದ ನೋಡಿ. ಕಾರಿನ ಹಿಂದೆ ಸಾಮಾನು ಇಡುವ ಜಾಗವೂ ಡಿಕ್ಕಿ, ಗುದ್ದಿದರೂ ಡಿಕ್ಕಿ. ಬಸ್ಸು ಡಿಕ್ಕಿಗೆ ಡಿಕ್ಕಿ ಹೊಡೀತು ಅಂತ ಕನ್ನಡದಲ್ಲಿ ಮಾತ್ರ ಹೇಳಬಹುದು. ಹಾಗೇ ‘ಸ್ಟೆಪ್ನಿ’. ಇದು ವೇಲ್ಸ್ ದೇಶದ ಲಾನೆಲ್ಲಿ ಅನ್ನುವ ಊರಿನ ಒಂದು ಬೀದಿಯ ಹೆಸರು. ನೂರಿಪ್ಪತ್ತು ವರ್ಷದ ಹಿಂದೆ ಆ ಸ್ಟೆಪ್ನಿ ಬೀದಿಯ ಅಂಗಡಿಯವರು ಹೆಚ್ಚುವರಿ ಚಕ್ರ ಮಾಡಿ ಮಾರಿದರು. ಅಲ್ಲಿಯವರು ಮರೆತಿದ್ದಾರೆ. ನಮ್ಮ ಪಂಕ್ಚರ್ ಅಂಗಡಿಯ ಹುಡುಗ ದಿನಕ್ಕೆ ಇಪ್ಪತ್ತು ಸಲ ಆ ಬೀದಿಯ ಹೆಸರು ಹೇಳುತ್ತಾನೆ.

ಕಲಿತದ್ದಕ್ಕೆ ಬರುತ್ತೇನೆ. 1982, ನನಗೆ ಹದಿನೆಂಟು. ಶಾಲೆಯ ಮೈದಾನದಲ್ಲಿ ಅಪ್ಪ ಪಕ್ಕದಲ್ಲಿ, ನಾನು ಸ್ಟಿಯರಿಂಗಿನಲ್ಲಿ, ಹಿಂದಿನ ಸೀಟಿನಲ್ಲಿ ಅಕ್ಕ. ಅಕ್ಕ ಯಾಕೆ ಬಂದಳು ಅಂದರೆ ಸುಮ್ನೆ ಬಂದಳು. ನನಗಿಂತ ಮೂರು ವರ್ಷ ದೊಡ್ಡವಳು. ಅವಳಿಗೆ ಯಾರೂ ‘ನೀನೂ ಕಲೀತೀಯಾ’ ಅಂತ ಕೇಳಲಿಲ್ಲ. ಅವಳು ಒಂದು ಸಲ ಕೇಳಿದಳು. ‘ನಿನಗ್ಯಾಕಮ್ಮ ಅದೆಲ್ಲ’ ಅಂದರು ಅಪ್ಪ. ಗದರಿದ್ದಲ್ಲ, ಪ್ರೀತಿಯಿಂದಲೇ ಅಂದದ್ದು. ಅದು ಇನ್ನೂ ಕಷ್ಟ, ಎದುರು ಮಾತಾಡಲು ಆಗುವುದಿಲ್ಲ.

ಆ ಕಾರಿನ ಮೊದಲ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲ. ಅಂದರೆ ಕಾರು ಚಲಿಸುವಾಗ ಎರಡರಿಂದ ಒಂದಕ್ಕೆ ಇಳಿಸಬೇಕಾದರೆ, ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಹಲ್ಲಿಗೆ ಹಲ್ಲು ಕೂರಬೇಕು. ಎಷ್ಟು ಆಕ್ಸಿಲರೇಟರ್ ಅಂತ ಯಾರೂ ಹೇಳಿಕೊಡಲು ಆಗುವುದಿಲ್ಲ. ಇಂಜಿನ್ನಿನ ಸದ್ದು ಒಂದು ಎತ್ತರಕ್ಕೆ ಬಂದಾಗ ಹಾಕಬೇಕು, ಅಷ್ಟೇ. ತಂಬೂರಿ ಶ್ರುತಿ ಮಾಡಿದ ಹಾಗೆ. ನಾನು ಹಾಕಿದಾಗಲೆಲ್ಲ ‘ಕರ್ರ್’. ಅಪ್ಪ ತಲೆಯ ಮೇಲೆ ಮೊಟಕುತ್ತಿದ್ದರು. ಹಿಂದಿನಿಂದ ಅಕ್ಕ ಮೆಲ್ಲಗೆ ‘ಈಗ’ ಅನ್ನುತ್ತಿದ್ದಳು. ಅವಳು ‘ಈಗ’ ಅಂದಾಗ ಹಾಕಿದರೆ ಸದ್ದೇ ಇಲ್ಲದೆ ಕೂರುತ್ತಿತ್ತು. ಅಪ್ಪ ‘ಈಗ ಬಂತು ನೋಡು ಕೈಗೆ’ ಅಂತ ನನ್ನ ಬೆನ್ನು ತಟ್ಟುತ್ತಿದ್ದರು. ನಾನೂ ತಟ್ಟಿಸಿಕೊಂಡೆ. ನಲವತ್ತು ವರ್ಷ ಆಯಿತು, ಇವತ್ತು ಒಪ್ಪಿಕೊಳ್ಳುತ್ತಿದ್ದೇನೆ.

ಲೈಸೆನ್ಸ್ ಪರೀಕ್ಷೆಗೆ ಅಕ್ಕನನ್ನು ಕರೆದುಕೊಂಡು ಹೋಗಲು ಆಗುವುದಿಲ್ಲವಲ್ಲ. ಮೊದಲ ಸಲ ಫೇಲಾದೆ.

ಈಗ ಆಗುಂಬೆ ಕಥೆ. ಇದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ನನ್ನ ಮಗ ಇಲ್ಲೇ ಕೂತಿದ್ದಾನೆ.

1984ರ ಡಿಸೆಂಬರ್. ಅಕ್ಕನಿಗೆ ಮದುವೆಯಾಗಿ ಅವಳು ಮೈಸೂರಿಗೆ ಹೋಗಿದ್ದಳು. ನಾನು, ಮೂವರು ಗೆಳೆಯರು, ಉಡುಪಿಗೆ ಹೋಗಿ ಮೀನು ತಿಂದು ಬರುವುದು ಅಂತ. ಮನೆಯಲ್ಲಿ ಹೇಳಿದ್ದು ಕೃಷ್ಣ ಮಠ. ಜೇಬಿನಲ್ಲಿ ದುಡ್ಡಿಲ್ಲ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ. ಆಗುಂಬೆ ಘಾಟಿಯ ತುದಿ ತಲುಪಿದಾಗ ಒಬ್ಬನಿಗೆ ಬುದ್ಧಿ ಹೊಳೆಯಿತು. ‘ಇಲ್ಲಿಂದ ಸೋಮೇಶ್ವರದ ತನಕ ಬರೀ ಇಳಿಜಾರು ಅಲ್ವಾ? ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡು. ಪೆಟ್ರೋಲ್ ಉಳೀತದೆ.’ ಆ ಒಬ್ಬ ಬೇರೆ ಯಾರೂ ಅಲ್ಲ, ನಾನೇ.

ಇಂಜಿನ್ ಆಫ್ ಮಾಡಿದ ಕೂಡಲೇ ಏನಾಯಿತು ಅಂದರೆ, ಕಾಡು ಕೇಳಿಸಿತು. ಅದನ್ನು ಮರೆಯಲು ಆಗುವುದಿಲ್ಲ. ಅಷ್ಟು ವರ್ಷ ಆ ಘಾಟಿಯಲ್ಲಿ ಓಡಾಡಿದ್ದೇವೆ, ಇಂಜಿನ್ ಕೂಗಾಟದಲ್ಲಿ ಏನೂ ಕೇಳಿರಲಿಲ್ಲ. ಟೈರು ರಸ್ತೆಯ ಮೇಲೆ ಸರ್ರನೆ ಹೋಗುವ ಸದ್ದು, ಎಲ್ಲೋ ನೀರು, ಜೀರುಂಡೆ. ಒಂದು ದೊಡ್ಡ ಹಕ್ಕಿ ಮೇಲೆ ಹಾರಿದರೆ ರೆಕ್ಕೆಯ ಸದ್ದು ಗಾಡಿಯ ಒಳಗೆ. ನಾಲ್ವರೂ ಸುಮ್ಮನಾಗಿಬಿಟ್ಟೆವು. ಹದಿನಾಲ್ಕು ಹೇರ್‌ಪಿನ್ ತಿರುವು ಆ ಘಾಟಿಯಲ್ಲಿ. ಒಂದು, ಎರಡು, ಮೂರು ಅಂತ ಎಣಿಸುತ್ತಾ ಬ್ರೇಕ್ ಒತ್ತಿ ಇಳಿಸುತ್ತಿದ್ದೇನೆ. ಸುಖವೋ ಸುಖ.

ಆರನೆಯದೋ ಏಳನೆಯದೋ ತಿರುವಿನ ಹತ್ತಿರ ವಾಸನೆ ಬಂತು. ಸುಟ್ಟ ರಬ್ಬರ್, ಸುಟ್ಟ ಬಟ್ಟೆ, ಎರಡೂ ಸೇರಿದ ಹಾಗೆ. ಯಾರೋ ಕಾಡಿಗೆ ಬೆಂಕಿ ಹಾಕಿದ್ದಾರೆ ಅಂದ ಹಿಂದೆ ಕೂತವನು. ಮುಂದಿನ ತಿರುವಿಗೆ ಬ್ರೇಕ್ ಒತ್ತಿದೆ. ಪೆಡಲ್ ಮೆತ್ತಗೆ ಕೆಳಗೆ ಹೋಯಿತು, ಹತ್ತಿಯ ದಿಂಬು ತುಳಿದ ಹಾಗೆ. ಕಾರು ನಿಧಾನವಾಗಲಿಲ್ಲ.

ಆಗ ಗೊತ್ತಿರಲಿಲ್ಲ, ಈಗ ಹೇಳಬಲ್ಲೆ. ಗೇರಿನಲ್ಲಿದ್ದರೆ ಇಂಜಿನ್ನೇ ಕಾರನ್ನು ಹಿಡಿದು ನಿಧಾನ ಮಾಡುತ್ತದೆ. ನ್ಯೂಟ್ರಲ್ ಮಾಡಿದರೆ ಭಾರವೆಲ್ಲ ಬ್ರೇಕಿನ ಮೇಲೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಒಂದೇ ಸಮ ಒತ್ತಿದರೆ ಡ್ರಮ್ ಕಾದು ಹಿಗ್ಗುತ್ತದೆ, ಒಳಗಿನ ಶೂ ಅದನ್ನು ಹಿಡಿಯಲಾರದು. ಹಳೇ ಬ್ರೇಕ್ ಆಯಿಲ್ ಆದರೆ ಬಿಸಿಗೆ ಕುದಿದು ಗುಳ್ಳೆ ಏಳುತ್ತದೆ. ಕಾಲು ಒತ್ತುವುದು ಗುಳ್ಳೆಯನ್ನು ಮಾತ್ರ. ಕಾರಿನ ತಪ್ಪೇನೂ ಇಲ್ಲ. ಆಯಿಲ್ ಬದಲಾಯಿಸು ಅಂತ ಸಾಬರು ಎರಡು ಸಲ ಹೇಳಿದ್ದರು. ಆ ದುಡ್ಡಿನಲ್ಲಿ ನಾನು ಸಿನಿಮಾ ನೋಡಿದ್ದೆ.

ಬಡ ಬಡ ಬಡ ಅಂತ ಪೆಡಲ್ ತುಳಿದೆ. ಸ್ವಲ್ಪ ಹಿಡಿಯಿತು. ಕೀ ತಿರುಗಿಸಿದೆ, ಪುಣ್ಯಕ್ಕೆ ಸೆಲ್ಫ್ ಎತ್ತಿತು. ಅದರ ಜೀವಮಾನದಲ್ಲಿ ಬೇಕಾದಾಗ ಎತ್ತಿದ್ದು ಅದೊಂದೇ ಸಲ ಇರಬೇಕು. ಆಕ್ಸಿಲರೇಟರ್ ಒತ್ತಿದೆ. ಆ ಗಲಾಟೆಯಲ್ಲಿ, ದೇವರಾಣೆ, ಅಕ್ಕನ ದನಿ ಕೇಳಿಸಿತು ನನಗೆ. ‘ಈಗ.’ ಎರಡನೇ ಗೇರು ಕೂತಿತು. ಕಾರು ಮುಂದಕ್ಕೆ ಬಾಗಿ ಕಿರುಚಿತು, ಹಗ್ಗ ಹಿಡಿದು ಎಳೆದ ಎತ್ತಿನ ಹಾಗೆ. ಬೆಟ್ಟದ ಕಡೆಯ ಚರಂಡಿಗೆ ಎಡಚಕ್ರ ಇಳಿಸಿದೆ. ನಿಂತಿತು.

ಬಲಗಡೆ ಏನಿತ್ತು ಅಂತ ನೀವು ಆಗುಂಬೆ ನೋಡಿದವರು, ನಾನು ಹೇಳಬೇಕಾಗಿಲ್ಲ.

ಚಕ್ರದಿಂದ ಹೊಗೆ. ಒಬ್ಬ ಗೆಳೆಯ ಬಾಟಲಿ ನೀರು ತಂದು ಸುರಿಯಲು ಹೊರಟ. ಅಷ್ಟರಲ್ಲಿ ಕೆಳಗಿನಿಂದ ಮಿನಿಬಸ್ಸು ಬಂತು. ಅದರ ಡ್ರೈವರ್ ಇಳಿದವನೇ ‘ಏಯ್, ನೀರು ಹಾಕಬೇಡ, ಡ್ರಮ್ ಸೀಳ್ತದೆ’ ಅಂತ ಕಿರುಚಿದ. ನನ್ನ ಮುಖ ನೋಡಿದ, ಗೇರು ನೋಡಿದ. ಎಲ್ಲ ಅರ್ಥವಾಯಿತು. ಬೈಯಲಿಲ್ಲ. ಬೀಡಿ ಹಚ್ಚಿ, ‘ಯಾವ ಗೇರಲ್ಲಿ ಹತ್ತುತೀಯೋ ಅದೇ ಗೇರಲ್ಲಿ ಇಳೀಬೇಕು ಮಾರಾಯ’ ಅಂದ. ಬಸ್ಸಿನ ಜನ ಎಲ್ಲ ಇಳಿದು ಬಂದು ನಮ್ಮನ್ನು ಜಾತ್ರೆಯಲ್ಲಿ ನೋಡಿದ ಹಾಗೆ ನೋಡಿದರು. ಒಬ್ಬರು ಅಪ್ಪನ ಪರಿಚಯದವರು ಅಂತ ಆಮೇಲೆ ಗೊತ್ತಾಯಿತು. ಮೀನೂ ಇಲ್ಲ, ಮಠವೂ ಇಲ್ಲ. ಒಂದು ಗಂಟೆ ಕೂತು, ಮೊದಲನೇ ಗೇರಿನಲ್ಲಿ ತೆವಳಿಕೊಂಡು ಕೆಳಗಿಳಿದು, ಬನ್ನು, ಟೀ ಕುಡಿದು ವಾಪಸ್ಸು.

ಮನೆಯಲ್ಲಿ ಏನೋ ಕಥೆ ಹೇಳಿದೆ. ಯುಗಾದಿಗೆ ಅಕ್ಕ ಬಂದಳು. ಅದೇ ಕಥೆ ಅವಳಿಗೂ ಹೇಳಿದೆ. ಪೂರ್ತಿ ಕೇಳಿ, ಹೋಳಿಗೆಗೆ ತುಪ್ಪ ಹಾಕುತ್ತಾ, ‘ನ್ಯೂಟ್ರಲ್ ಮಾಡಿದ್ಯಾ?’ ಅಂದಳು. ಅಷ್ಟೇ.

ಮಾರುತಿ ಬಂದ ಕಥೆ ನಿಮಗೆಲ್ಲ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 1983ರ ಡಿಸೆಂಬರ್ 14ರಂದು ದೆಹಲಿಯ ಹರ್‌ಪಾಲ್ ಸಿಂಗ್ ಅನ್ನುವವರಿಗೆ ಇಂದಿರಾ ಗಾಂಧಿಯವರು ಮೊದಲ ಕೀ ಕೊಟ್ಟರು. ನಮ್ಮ ಬೀದಿಗೆ ಬರಲು ಇನ್ನೂ ಮೂರು ವರ್ಷ ಹಿಡಿಯಿತು. ಡಾಕ್ಟರೊಬ್ಬರು ತಂದರು, ಕೆಂಪು ಬಣ್ಣದ್ದು. ಅಪ್ಪನನ್ನು ಕೂರಿಸಿ ‘ಓಡಿಸಿ ನೋಡಿ’ ಅಂದರು. ಅಪ್ಪ ಕೀ ತಿರುಗಿಸಿದರು. ಏನೂ ಕೇಳಿಸಲಿಲ್ಲ. ಎತ್ತಲಿಲ್ಲ ಅಂತ ಮತ್ತೆ ತಿರುಗಿಸಿದರು. ‘ಕರ್ರ್’ ಅಂದಿತು. ಇಂಜಿನ್ ಮೊದಲ ಸಲಕ್ಕೇ ಎದ್ದು ಓಡುತ್ತಿತ್ತು! ಡಾಕ್ಟರು ನಕ್ಕರು. ಅಪ್ಪ ನಗಲಿಲ್ಲ. ಇಳಿದು ಬಂದು, ‘796 ಸಿಸಿ ಅಂತೆ, ಮೂರೇ ಸಿಲಿಂಡರ್ ಅಂತೆ. ಒಂದನ್ನ ಕದ್ದಿದ್ದಾರೆ’ ಅಂದರು. ಆದರೆ ಅವತ್ತು ರಾತ್ರಿ ಜಗಲಿಯಲ್ಲಿ ಕೂತು ಬಹಳ ಹೊತ್ತು ಫಿಯೆಟ್ಟನ್ನೇ ನೋಡುತ್ತಿದ್ದರು. ಕಿವಿಯೇ ಬೇಡದ ಕಾರು ಬಂತಲ್ಲ ಅಂತ ಅವರಿಗೆ ಅನಿಸಿತೇನೋ. 1991ರಲ್ಲಿ ಫಿಯೆಟ್ ಮಾರಿದರು. ಕೊಂಡವನು ತಳ್ಳಿಕೊಂಡು ಹೋದ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಆ ಕಾರಿನಲ್ಲಿ ಸೀಟ್ ಬೆಲ್ಟ್ ಇರಲಿಲ್ಲ. ಪುಟ್ಟ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು, ಡ್ಯಾಶ್‌ಬೋರ್ಡ್ ಹಿಡಿಸಿ, ನಲವತ್ತು ಐವತ್ತರಲ್ಲಿ ಹೋಗುತ್ತಿದ್ದೆವು. ರಾತ್ರಿ ಹೊತ್ತು ಡೈನಮೋ ಕೈ ಕೊಡುತ್ತಿತ್ತು. ಇಂಜಿನ್ ನಿಧಾನವಾದರೆ ಲೈಟೂ ಮಂಕು, ಅಂದರೆ ತಿರುವಿನಲ್ಲೇ ಕತ್ತಲೆ. ನಾವು ಉಳಿದದ್ದು ಜಾಣತನದಿಂದ ಅಲ್ಲ, ಎದುರು ಬರುವ ಗಾಡಿಯೇ ಇರಲಿಲ್ಲ ಅಂತ. ಇವತ್ತು ಮಗ ನನ್ನ ಹಾಗೆ ಓಡಿಸಿದರೆ ಕೀ ಕಿತ್ತುಕೊಳ್ಳುತ್ತೇನೆ.

ಮಾರುತಿ 800 ಮತ್ತು ಅಂಬಾಸಿಡರ್ ಎರಡೂ ನಿಂತದ್ದು ಒಂದೇ ವರ್ಷ, 2014ರಲ್ಲಿ. ಜನವರಿಯಲ್ಲಿ ಅದು, ಮೇ ತಿಂಗಳಲ್ಲಿ ಇದು. ಅಣ್ಣತಮ್ಮಂದಿರಲ್ಲ, ಆದರೂ ಒಟ್ಟಿಗೆ ಹೋದವು. ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್ ತನಕ ಎಳೆಯಿತು. ಈಗ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ಬೇರೆ ನಂಬರೇ ಕೊಡುತ್ತಾರೆ. 2021ರಲ್ಲಿ ಬಂದ ನಿಯಮ. ನಮ್ಮ ಫಿಯೆಟ್ ಇದ್ದಿದ್ದರೆ ಅದಕ್ಕೂ ಸಿಗುತ್ತಿತ್ತು.

ಅಕ್ಕ ಡ್ರೈವಿಂಗ್ ಕಲಿತದ್ದು ನಲವತ್ತೈದನೇ ವಯಸ್ಸಿನಲ್ಲಿ. ಭಾವನಿಗೆ ಕಣ್ಣಿನ ಆಪರೇಷನ್ ಆಯಿತು, ಓಡಿಸುವವರು ಬೇಕಿತ್ತು. ಅದೇ ಕಾರಣ, ಬೇರೆ ಏನೂ ಇಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸು. ಆ ದಿನ ಫೋನ್ ಮಾಡಿ ಹೇಳಿದಳು. ನಾನು ‘ಕಂಗ್ರಾಟ್ಸ್’ ಅಂದೆ. ಇನ್ನೇನಾದರೂ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಹೋದ ವರ್ಷ ಮೈಸೂರಿಗೆ ಹೋಗಿದ್ದೆ. ಅಕ್ಕನ ಪಕ್ಕದ ಮನೆಯ ಹುಡುಗ ಹಳೇ ಕಾರಿನ ಹುಚ್ಚಿನವನು. ಎಲ್ಲಿಂದಲೋ ಒಂದು ಫಿಯೆಟ್ ತಂದು, ಟಿಂಕರಿಂಗ್ ಮಾಡಿಸಿ, ಬಣ್ಣ ಹೊಡೆಸಿ ನಿಲ್ಲಿಸಿದ್ದ. ಅದು ನಮ್ಮದಲ್ಲ. ನಮ್ಮದೇ ಆಗಿದ್ದರೆ ಈ ಕಥೆ ಇನ್ನೂ ಚೆನ್ನಾಗಿರುತ್ತಿತ್ತು, ಆದರೆ ನಾನು ವಿಚಾರಿಸಿದೆ, ಅಲ್ಲ. ‘ಆಂಟಿ, ಒಂದು ರೌಂಡ್ ಹೋಗೋಣ ಬನ್ನಿ’ ಅಂದ. ಅಕ್ಕ ಸೀರೆ ಸೆರಗು ಸಿಕ್ಕಿಸಿಕೊಂಡು ಹೊರಟಳು. ಹುಡುಗ ಮುಂದಿನ ಬಾಗಿಲು ತೆಗೆದು ‘ಅಂಕಲ್, ನೀವು ಓಡಿಸ್ತೀರಾ?’ ಅಂತ ನನ್ನನ್ನೇ ಕೇಳಿದ. ನಾನು ಏನೂ ಹೇಳದೆ ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತೆ. ಅರವತ್ತು ದಾಟಿದ ಮಂಡಿಗೆ ಆ ಸೀಟು ಕಷ್ಟವೇ.

ಅಕ್ಕ ಕೂತಳು. ಕಂಬದ ಗೇರನ್ನು ಒಂದು ಸಲ ಆ ಕಡೆ, ಈ ಕಡೆ ಆಡಿಸಿ ನೋಡಿದಳು. ಸೆಲ್ಫ್ ಹಾಕಿದಳು. ಎತ್ತಿತು. ಹುಡುಗನ ಮುಖ ಅರಳಿತು. ಅಕ್ಕ ಗೇರ್ ಹಾಕಲಿಲ್ಲ. ತಲೆ ಸ್ವಲ್ಪ ವಾಲಿಸಿ ಕೂತಳು.

‘ಮೂರೇ ಹೊಡೀತಿದೆ ಕಣೋ’ ಅಂದಳು. ‘ಒಂದು ಪ್ಲಗ್ ನೋಡು.’

‘ಇಲ್ಲ ಆಂಟಿ, ನಿನ್ನೆ ತಾನೇ ಟ್ಯೂನಿಂಗ್ ಮಾಡಿಸಿದೀನಿ.’

‘ನೋಡು.’

ಅವನು ಇಳಿದು ಬಾನೆಟ್ ಎತ್ತಿದ. ವೈರು ಒಂದೊಂದಾಗಿ ಕಿತ್ತ. ಮೊದಲನೆಯದು ಕಿತ್ತಾಗ ಇಂಜಿನ್ ಕುಂಟಿತು. ಎರಡನೆಯದಕ್ಕೂ ಕುಂಟಿತು. ಮೂರನೆಯದು ಕಿತ್ತಾಗ ಸದ್ದು ಒಂಚೂರೂ ಬದಲಾಗಲಿಲ್ಲ. ಅವನು ಬಾನೆಟ್ಟಿನ ಪಕ್ಕದಿಂದ ಬಗ್ಗಿ ಅಕ್ಕನ ಮುಖವನ್ನೇ ನೋಡಿದ. ಅಕ್ಕ ಕನ್ನಡಿ ಸರಿ ಮಾಡಿಕೊಳ್ಳುತ್ತಿದ್ದಳು. ಅದರಲ್ಲಿ ನಾನು ಕಾಣುತ್ತಿದ್ದೆ.